25 ಕೋಟಿ ಆಲ್ಬಮ್‌ಗಳನ್ನು ಎಣಿಸಿದವರು ಯಾರು?

ಓದುಗರ ಪ್ರಶ್ನೆ: ನಮ್ಮ ಅಣ್ಣನ ಹತ್ತಿರ ಬ್ರಿಟನ್ನಿನ ರಾಕ್ ಸಂಗೀತ ತಂಡವಾದ ಪಿಂಕ್ ಫ್ಲಾಯ್ಡ್‌ನ ಹಳೆಯ ಕ್ಯಾಸೆಟ್‌ಗಳಿವೆ. ಈ ತಂಡ ಜಗತ್ತಿನಾದ್ಯಂತ 25 ಕೋಟಿ ಆಲ್ಬಮ್ ಮಾರಿದೆ ಎಂದು ಒಂದು ಕಡೆ ಓದಿದೆ, 20 ಕೋಟಿ ಎಂದು ಇನ್ನೊಂದು ಕಡೆ ಓದಿದೆ. ಐದು ಕೋಟಿಯ ಅಂತರ ಸಣ್ಣದಲ್ಲ. ಈ ಲೆಕ್ಕವನ್ನು ಯಾರು, ಹೇಗೆ ಹಾಕುತ್ತಾರೆ? ಯಾವುದನ್ನು ನಂಬಬೇಕು? — ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಈ ಎರಡು ಸಂಖ್ಯೆಗಳಲ್ಲಿ ಯಾವುದನ್ನೂ ಯಾರೂ ಒಂದೊಂದಾಗಿ ಎಣಿಸಿ ಬರೆದಿಲ್ಲ. 1967ರಲ್ಲಿ ಮೊದಲ ಆಲ್ಬಮ್ ತಂದ ಒಂದು ತಂಡದ ಮಾರಾಟವನ್ನು ಅಂದಿನಿಂದ ಇಂದಿನವರೆಗೆ, ಎಲ್ಲ ದೇಶಗಳಿಂದಲೂ ತರಿಸಿಕೊಂಡು, ಒಂದೇ ಖಾತೆಯಲ್ಲಿ ಇಟ್ಟುಕೊಂಡ ಸಂಸ್ಥೆ ಇಲ್ಲ. ನಾವು ಓದುವ ಸಂಖ್ಯೆಯಲ್ಲಿ ಒಂದು ಪಾಲು ಲೆಕ್ಕಪರಿಶೋಧನೆಗೆ ಒಳಗಾದದ್ದು, ಇನ್ನೊಂದು ಪಾಲು ಕಂಪನಿಗಳು ತಾವೇ ಹೇಳಿಕೊಂಡದ್ದು, ಉಳಿದದ್ದು ಅಂದಾಜು. ಮೂರನ್ನೂ ಬೇರೆಬೇರೆ ಮಾಡಿ ನೋಡಿದರೆ 20 ಕೋಟಿ ಮತ್ತು 25 ಕೋಟಿಯ ನಡುವಿನ ಅಂತರ ಎಲ್ಲಿಂದ ಬಂದಿರಬಹುದು ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ.

ಅಂದಾಜು ಎಂದೊಡನೆ ಅದನ್ನು ತಳ್ಳಿಹಾಕಬೇಕಾಗಿಲ್ಲ. ನಮ್ಮ ಕಡೆ ಅಡಿಕೆ ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿಯುವವರು ಫಸಲು ಇನ್ನೂ ಮರದ ಮೇಲಿರುವಾಗಲೇ ಸಾಲುಸಾಲಾಗಿ ತಿರುಗಿ, ಅಡಿಕೆಯ ಕೊನೆಗಳನ್ನು (ಗೊನೆಗಳನ್ನು) ನೋಡಿ, ಒಣ ಅಡಿಕೆ ಎಷ್ಟು ಕ್ವಿಂಟಾಲ್ ಆದೀತು ಎಂದು ಹೇಳುತ್ತಾರೆ. ಅದೇ ತೋಟದ ಹಿಂದಿನ ವರ್ಷಗಳ ತೂಕ, ಒಂದು ಸಾಲಿನಲ್ಲಿ ನಿಜವಾಗಿ ಎಣಿಸಿದ ಕೊನೆಗಳು, ಹಸಿ ಅಡಿಕೆ ಒಣಗಿದಾಗ ಎಷ್ಟು ಇಳಿಯುತ್ತದೆ ಎಂಬ ಅನುಭವ, ಈ ಮೂರರ ಮೇಲೆ ಅವರ ಮಾತು ನಿಂತಿರುತ್ತದೆ. ಆಲ್ಬಮ್ ಮಾರಾಟದ ಒಳ್ಳೆಯ ಅಂದಾಜೂ ಹೀಗೆಯೇ ಎಣಿಸಿದ ಒಂದು ಸಾಲಿನಿಂದ ಆರಂಭವಾಗಬೇಕು, ಮತ್ತು ಹೆಚ್ಚಿನ ಹಿರಿಯ ರಾಕ್ ತಂಡಗಳ ವಿಷಯದಲ್ಲಿ ಆ ಸಾಲು ಅಮೆರಿಕದ್ದು.

ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಒಕ್ಕೂಟವಾದ ಆರ್‌ಐಎಎ 1958ರಿಂದ ಗೋಲ್ಡ್ ಪ್ರಮಾಣಪತ್ರ ಕೊಡುತ್ತ ಬಂದಿದೆ. ಈಗ 5 ಲಕ್ಷ ಪ್ರತಿಗಳಿಗೆ ಗೋಲ್ಡ್, 10 ಲಕ್ಷಕ್ಕೆ ಪ್ಲಾಟಿನಂ, 1 ಕೋಟಿಗೆ ಡೈಮಂಡ್. ಪ್ಲಾಟಿನಂ ಬಂದದ್ದು 1976ರಲ್ಲಿ, ಡೈಮಂಡ್ 1999ರಲ್ಲಿ. ಮೊದಲಿನ ದಿನಗಳಲ್ಲಿ ಗೋಲ್ಡ್ ಎಂಬುದು ಪ್ರತಿಗಳ ಲೆಕ್ಕವೇ ಆಗಿರಲಿಲ್ಲ, 10 ಲಕ್ಷ ಡಾಲರ್ ಸಗಟು ವಹಿವಾಟಿನ ಲೆಕ್ಕವಾಗಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಈ ಪ್ರಮಾಣಪತ್ರ ತಾನಾಗಿ ಬರುವುದಿಲ್ಲ; ಕಂಪನಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಲೆಕ್ಕಪತ್ರಗಳನ್ನು ಪರಿಶೀಲನೆಗೆ ಒಪ್ಪಿಸಬೇಕು. ಅರ್ಜಿ ಹಾಕದಿದ್ದರೆ ಆಲ್ಬಮ್ ಎಷ್ಟೇ ಮಾರಿದ್ದರೂ ದಾಖಲೆಯಲ್ಲಿ ಹಳೆಯ ಸಂಖ್ಯೆಯೇ ಉಳಿಯುತ್ತದೆ.

ಇದಕ್ಕೆ ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದು ಬಿಡುಗಡೆಯಾದದ್ದು 1973ರ ಮಾರ್ಚ್‌ನಲ್ಲಿ, ಪ್ಲಾಟಿನಂ ಎಂಬ ದರ್ಜೆ ಹುಟ್ಟುವ ಮೊದಲು. ಹಾಗಾಗಿ ಅಮೆರಿಕದ ದಾಖಲೆಯಲ್ಲಿ ಅದು ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಬರಿಯ ಗೋಲ್ಡ್ ಆಲ್ಬಮ್ ಆಗಿಯೇ ಉಳಿಯಿತು. 1990ರ ಫೆಬ್ರವರಿ 16ರಂದು ಒಂದೇ ಏಟಿಗೆ 11 ಪ್ಲಾಟಿನಂ, ಅಂದರೆ 1 ಕೋಟಿ 10 ಲಕ್ಷ ಎಂದು ದಾಖಲಾಯಿತು. ಹಿಂದಿನ ದಿನ ಪ್ರಮಾಣಪತ್ರಗಳನ್ನಷ್ಟೇ ಕೂಡಿಸಿ ಲೆಕ್ಕ ಹಾಕಿದವರಿಗೆ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಕಾಣಿಸುತ್ತಲೇ ಇರಲಿಲ್ಲ. 1998ರಲ್ಲಿ ಅದು 15 ಪ್ಲಾಟಿನಂ ಆಯಿತು. ಆದ್ದರಿಂದ ಪ್ರಮಾಣಪತ್ರವನ್ನು 'ಕನಿಷ್ಠ ಇಷ್ಟು' ಎಂದು ಓದಬೇಕೇ ಹೊರತು 'ಇಷ್ಟೇ' ಎಂದಲ್ಲ.

ಹಾಗೆಂದು ಈ ಕನಿಷ್ಠವೂ ಪೂರ್ತಿ ಗಟ್ಟಿ ನೆಲವಲ್ಲ. ಆರ್‌ಐಎಎ ಎಣಿಸುತ್ತ ಬಂದದ್ದು ಮೂಲತಃ ಕಂಪನಿಯಿಂದ ಅಂಗಡಿಗಳಿಗೆ ರವಾನೆಯಾಗಿ, ವಾಪಸ್ ಬಂದದ್ದನ್ನು ಕಳೆದ ಪ್ರತಿಗಳನ್ನು. ಶಿವಮೊಗ್ಗದ ಅಡಿಕೆ ಮಂಡಿಯ ವ್ಯವಹಾರ ಬಲ್ಲವರಿಗೆ ಆವಕ ಬೇರೆ, ಮಾರಾಟ ಬೇರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡಿಯಲ್ಲಿ ಮೂಟೆ ಇಳಿದ ಮಾತ್ರಕ್ಕೆ ಬೆಳೆಗಾರನ ಕೈಗೆ ಹಣ ಬರುವುದಿಲ್ಲ. 1978ರ ಸೆಪ್ಟೆಂಬರ್‌ನಲ್ಲಿ ಕಿಸ್ ತಂಡದ ನಾಲ್ವರು ಸದಸ್ಯರ ನಾಲ್ಕು ಪ್ರತ್ಯೇಕ ಆಲ್ಬಮ್‌ಗಳು ಒಂದೇ ದಿನ ಹೊರಬಂದಾಗ, ಪ್ರತಿಯೊಂದರ ಹತ್ತು ಲಕ್ಷದಷ್ಟು ಪ್ರತಿಗಳನ್ನು ಅಂಗಡಿಗಳಿಗೆ ಕಳುಹಿಸಲಾಗಿತ್ತು. ಅವುಗಳಲ್ಲಿ ಬಹಳಷ್ಟು ಮಾರಾಟವಾಗದೆ ಹಿಂದಿರುಗಿದವು. ಪಿಂಕ್ ಫ್ಲಾಯ್ಡ್‌ನಂತೆ ದಶಕಗಳ ಕಾಲ ನಿಧಾನವಾಗಿ ಮಾರುತ್ತಲೇ ಇರುವ ಆಲ್ಬಮ್‌ಗಳ ವಿಷಯದಲ್ಲಿ ಈ ದೋಷ ಸಣ್ಣದು, ಏಕೆಂದರೆ ಇಂದು ಅಂಗಡಿಯಲ್ಲಿ ಉಳಿದದ್ದು ನಾಳೆಯಾದರೂ ಹೋಗುತ್ತದೆ.

ಪಿಂಕ್ ಫ್ಲಾಯ್ಡ್ ಲೆಕ್ಕದಲ್ಲಿ ನಿಜವಾಗಿಯೂ ದೊಡ್ಡ ತೊಡಕು ಬೇರೆ ಇದೆ, ಅದು ಎರಡು ತಟ್ಟೆಗಳ ಆಲ್ಬಮ್‌ಗಳದ್ದು. 1979ರ 'ದ ವಾಲ್' ಎರಡು ಎಲ್‌ಪಿ ತಟ್ಟೆಗಳಲ್ಲಿ ಬಂದ ಆಲ್ಬಮ್, ಮತ್ತು ಅಮೆರಿಕದ ಪದ್ಧತಿಯಲ್ಲಿ ಅಂಥ ಒಂದು ಜೋಡಿಯನ್ನು ಎರಡು ಎಂದು ಎಣಿಸಲಾಗುತ್ತದೆ. ಆ ಆಲ್ಬಮ್ 23 ಪ್ಲಾಟಿನಂ ಎಂದು ಬರೆದಿರುವುದನ್ನು ನೋಡಿದ ಓದುಗರು ಸಹಜವಾಗಿಯೇ 2 ಕೋಟಿ 30 ಲಕ್ಷ ಜನ ಅದನ್ನು ಕೊಂಡಿದ್ದಾರೆ ಎಂದುಕೊಳ್ಳುತ್ತಾರೆ. ಕೊಂಡವರ ಕೈಗೆ ಹೋದದ್ದು 1 ಕೋಟಿ 15 ಲಕ್ಷ ಜೋಡಿಗಳು. ಅಮೆರಿಕದಲ್ಲಿ ಈ ತಂಡದ ಎಲ್ಲ ಆಲ್ಬಮ್‌ಗಳ ಪ್ರಮಾಣಿತ ಮೊತ್ತವೆಂದು ಹೇಳುವ ಸಂಖ್ಯೆ 7.5 ಕೋಟಿ. ಅದರಿಂದ 'ದ ವಾಲ್' ಒಂದರ ಹೆಚ್ಚುವರಿಯನ್ನು ಕಳೆದರೆ 6.35 ಕೋಟಿಗೆ ಇಳಿಯುತ್ತದೆ. ತಂಡದ ಸಂಗೀತ ಕಛೇರಿಗಳ ಜೋಡಿ ತಟ್ಟೆಯ ಮುದ್ರಣಗಳು, 2001ರ ಆಯ್ದ ಹಾಡುಗಳ ಜೋಡಿ ಸಂಕಲನ, 1969ರ 'ಉಮ್ಮಗುಮ್ಮ' ಇವುಗಳನ್ನೂ ಹೀಗೆಯೇ ಸರಿಪಡಿಸಿದರೆ ಮೊತ್ತ 6 ಕೋಟಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹಸಿ ಅಡಿಕೆಯ ತೂಕವನ್ನೂ ಒಣ ಅಡಿಕೆಯ ತೂಕವನ್ನೂ ಒಟ್ಟಿಗೆ ಕೂಡಿಸಿ ಬರೆದವರನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ತಟ್ಟೆಗಳನ್ನೂ ಆಲ್ಬಮ್‌ಗಳನ್ನೂ ಒಟ್ಟಿಗೆ ಕೂಡಿಸಿದ ಮೊತ್ತಕ್ಕೆ ಮಾತ್ರ ಪತ್ರಿಕೆಗಳಲ್ಲಿ ಸುಲಭವಾಗಿ ಜಾಗ ಸಿಗುತ್ತದೆ ಎಂಬುದು ನನಗೆ ಬಹಳ ಕಾಲದಿಂದ ಇರುವ ಬೇಸರ.

ಪ್ರಮಾಣಪತ್ರವನ್ನು ಬಿಟ್ಟರೆ ಇನ್ನೊಂದು ಆಧಾರ ಅಂಗಡಿಯ ಗಲ್ಲಾದಲ್ಲಿ ಆದ ಎಣಿಕೆ. ಅಮೆರಿಕದಲ್ಲಿ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ 1991ರ ಮಾರ್ಚ್‌ನಲ್ಲಿ ಆರಂಭವಾಗಿ, ಬಾರ್‌ಕೋಡ್ ಓದಿದಾಗಲೆಲ್ಲ ಒಂದು ಮಾರಾಟವನ್ನು ದಾಖಲಿಸತೊಡಗಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಮೆಟಾಲಿಕಾ ತಂಡದ, ತಂಡದ ಹೆಸರನ್ನೇ ಹೊತ್ತ ಆಲ್ಬಮ್‌ನ ಲೆಕ್ಕ ಇದರಿಂದಾಗಿಯೇ ಅಷ್ಟು ಸ್ವಚ್ಛವಾಗಿದೆ: ಮೊದಲ ದಿನದಿಂದ ಎಣಿಕೆಗೆ ಸಿಕ್ಕ ಆ ಆಲ್ಬಮ್ 2014ರಲ್ಲಿ ಅಮೆರಿಕವೊಂದರಲ್ಲೇ 1 ಕೋಟಿ 60 ಲಕ್ಷ ದಾಟಿತು. ಆದರೆ ಅಂಚೆಯಲ್ಲಿ ಆಲ್ಬಮ್ ಕಳುಹಿಸುತ್ತಿದ್ದ ಅಲ್ಲಿನ ಮ್ಯೂಸಿಕ್ ಕ್ಲಬ್‌ಗಳ ಮಾರಾಟ ಈ ಎಣಿಕೆಗೆ ಬರುತ್ತಿರಲಿಲ್ಲ, ಪ್ರಮಾಣಪತ್ರದ ಲೆಕ್ಕಕ್ಕೆ ಬರುತ್ತಿತ್ತು. ಎರಡು ದಾಖಲೆಗಳು ಪರಸ್ಪರ ತಾಳೆಯಾಗದಿರುವುದಕ್ಕೆ ಅದೂ ಒಂದು ಕಾರಣ. ಪಿಂಕ್ ಫ್ಲಾಯ್ಡ್‌ನ ದೊಡ್ಡ ಆಲ್ಬಮ್‌ಗಳೆಲ್ಲ 1991ಕ್ಕಿಂತ ಹಳೆಯವು, ಅಂದರೆ ಅವುಗಳ ಅತ್ಯಂತ ಫಲವತ್ತಾದ ವರ್ಷಗಳು ಈ ಎಣಿಕೆಯಿಂದ ಹೊರಗಿವೆ.

ಆ ವರ್ಷಗಳಿಗೆ ಹೆಚ್ಚು ಮಾರಾಟವಾದ ಆಲ್ಬಮ್‌ಗಳ ವಾರದ ಪಟ್ಟಿಗಳನ್ನು ಆಧಾರವಾಗಿ ಇಟ್ಟುಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಪಟ್ಟಿ ಕ್ರಮಾಂಕವನ್ನು ಹೇಳುತ್ತದೆ, ಪ್ರಮಾಣವನ್ನಲ್ಲ. 'ಡಾರ್ಕ್ ಸೈಡ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿದ್ದದ್ದು ಒಂದೇ ಒಂದು ವಾರ. ಆದರೆ 1973ರಿಂದ 1988ರ ನಡುವೆ ಅದು ಆ ಪಟ್ಟಿಯಲ್ಲಿ ಒಟ್ಟು 741 ವಾರ ಉಳಿದಿತ್ತು. ಮೊದಲ ಸ್ಥಾನವನ್ನಷ್ಟೇ ನೋಡಿ ಅಂದಾಜು ಮಾಡಿದವರಿಗೆ ಇದು ಸಾಧಾರಣ ಯಶಸ್ಸಿನ ಆಲ್ಬಮ್ ಎಂದು ತೋರಬಹುದು.

ಅಮೆರಿಕದಾಚೆಗೆ ಹೋದಂತೆ ನೆಲ ಮೆತ್ತಗಾಗುತ್ತದೆ. ಬ್ರಿಟನ್ನಿನಲ್ಲಿ ಗೋಲ್ಡ್ ಎಂದರೆ 1 ಲಕ್ಷ, ಪ್ಲಾಟಿನಂ ಎಂದರೆ 3 ಲಕ್ಷ. ಜರ್ಮನಿಯಲ್ಲಿ ಗೋಲ್ಡ್ ಆಗಲು 1999ರವರೆಗೆ 2.5 ಲಕ್ಷ ಬೇಕಿತ್ತು, ನಂತರ 1.5 ಲಕ್ಷ, 2003ರಿಂದ 1 ಲಕ್ಷ ಸಾಕಾಯಿತು. ಒಂದೇ ಪದ ಮೂರು ಕಾಲದಲ್ಲಿ ಮೂರು ಪ್ರಮಾಣವನ್ನು ಹೇಳುವಾಗ, ಎಲ್ಲ ದೇಶಗಳ ಗೋಲ್ಡ್, ಪ್ಲಾಟಿನಂಗಳನ್ನು ಇಂದಿನ ಅಳತೆಯಲ್ಲಿ ಗುಣಿಸುತ್ತ ಹೋದರೆ ಲೆಕ್ಕ ತಪ್ಪುತ್ತದೆ. ಇದರ ಜೊತೆಗೆ ಈ ತಂಡದ ಲೆಕ್ಕಪುಸ್ತಕಗಳು ಒಂದೇ ಮನೆಯಲ್ಲಿ ಇದ್ದದ್ದೂ ಅಲ್ಲ. 'ಡಾರ್ಕ್ ಸೈಡ್' ಅನ್ನು ಅಮೆರಿಕದಲ್ಲಿ ಮಾರಿದ್ದು ಕ್ಯಾಪಿಟಲ್ ಕಂಪನಿ, 1975ರ 'ವಿಶ್ ಯೂ ವರ್ ಹಿಯರ್'ನಿಂದ ಮುಂದೆ ಅಲ್ಲಿ ಕೊಲಂಬಿಯಾ, ಬ್ರಿಟನ್ನಿನಲ್ಲಿ ಇಎಂಐ. 2024ರಲ್ಲಿ ತಂಡದ ಧ್ವನಿಮುದ್ರಿಕೆಗಳ ಹಕ್ಕನ್ನು ಸೋನಿ ಕೊಂಡಿತು.

ಇನ್ನು ಯಾವ ದೇಶದ ಯಾವ ಪುಸ್ತಕಕ್ಕೂ ಸೇರದ ಪ್ರತಿಗಳಿವೆ. ತೊಂಬತ್ತರ ದಶಕದಲ್ಲಿ ಶಿವಮೊಗ್ಗದಲ್ಲಿ ಕಾಲೇಜು ಓದಿದ ನನ್ನಂಥವರು ಅಂಗಡಿಯವರಿಗೆ ಖಾಲಿ ಕ್ಯಾಸೆಟ್ ಕೊಟ್ಟು ಹಾಡು ತುಂಬಿಸಿಕೊಳ್ಳುತ್ತಿದ್ದೆವು. ಅಂಥ ಒಂದು ಕ್ಯಾಸೆಟ್ ಈಗಲೂ ನನ್ನ ಬಳಿ ಇದೆ. 90 ನಿಮಿಷದ್ದು, ಒಂದು ಮಗ್ಗುಲಿಗೆ 45 ನಿಮಿಷ. ಸುಮಾರು 43 ನಿಮಿಷದ 'ಡಾರ್ಕ್ ಸೈಡ್' ಎ ಮಗ್ಗುಲಲ್ಲಿ ಪೂರ್ತಿ ಹಿಡಿಸಿ, ಕೊನೆಯಲ್ಲಿ ಎರಡು ನಿಮಿಷ ಬರಿಯ ಸುಯ್ಯೆನ್ನುವ ಸದ್ದು ಉಳಿಯುತ್ತದೆ. ಬಿ ಮಗ್ಗುಲಲ್ಲಿ 'ವಿಶ್ ಯೂ ವರ್ ಹಿಯರ್' ಮುಗಿಯುವುದಕ್ಕೂ ಟೇಪ್ ಮುಗಿಯುವುದಕ್ಕೂ ಒಂದು ನಿಮಿಷದ ಅಂತರವೂ ಇಲ್ಲ. ಒಳಗಿನ ಕಾಗದದ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಬರೆದ ಹಾಡುಗಳ ಹೆಸರು ಮಳೆಗಾಲದ ತೇವಕ್ಕೆ ಹರಡಿ ಹೋಗಿದೆ. ಹಾಸ್ಟೆಲಿನ ಒಂದು ಕಾರಿಡಾರಿನ ಅಷ್ಟೂ ಹುಡುಗರು ಕೇಳಿದ ಆ ಎರಡು ಆಲ್ಬಮ್‌ಗಳು ಮಾರಾಟದ ಲೆಕ್ಕದಲ್ಲಿ ಸೊನ್ನೆ. ಇದಕ್ಕೆ ತದ್ವಿರುದ್ಧವಾಗಿ, ಲಂಡನ್ನಿನಲ್ಲೋ ಷಿಕಾಗೋದಲ್ಲೋ ಒಬ್ಬನೇ ಅಭಿಮಾನಿ ಅದೇ ಆಲ್ಬಮ್ ಅನ್ನು ಮೊದಲು ಎಲ್‌ಪಿಯಲ್ಲಿ, ಆಮೇಲೆ ಕ್ಯಾಸೆಟ್ಟಿನಲ್ಲಿ, ಕೊನೆಗೆ ಸಿಡಿಯಲ್ಲಿ ಕೊಂಡಿದ್ದರೆ ಅದು ಮೂರು ಮಾರಾಟ. ಮಾರಾಟದ ಸಂಖ್ಯೆಯಿಂದ ಕೇಳುಗರ ಸಂಖ್ಯೆಗೆ ನೇರ ದಾರಿ ಇಲ್ಲವೆಂದು ನಾನು ಹೇಳುವುದು ಈ ಕಾರಣಕ್ಕೆ.

ಈಗ ನಿಮ್ಮ 20 ಮತ್ತು 25 ಕೋಟಿಗೆ ಬರೋಣ. ಸಿಡಿಯ ಉಚ್ಛ್ರಾಯದ ಕಾಲದಲ್ಲಿ ಜಗತ್ತಿನ ಧ್ವನಿಮುದ್ರಿತ ಸಂಗೀತದ ವಹಿವಾಟಿನಲ್ಲಿ ಅಮೆರಿಕದ ಪಾಲು ಸುಮಾರು ಮೂರನೇ ಒಂದು ಭಾಗ. ಹೀಗಾಗಿ ಅಮೆರಿಕದ ಸಂಖ್ಯೆಯನ್ನು ಸುಮಾರು ಮೂರರಿಂದ ಗುಣಿಸಿದರೆ ಒಂದು ಒರಟು ಅಂದಾಜು ಸಿಗುತ್ತದೆ. 'ಡಾರ್ಕ್ ಸೈಡ್'ನ ಅಮೆರಿಕದ 1.5 ಕೋಟಿಯನ್ನು ಹೀಗೆ ಗುಣಿಸಿದರೆ 4.5 ಕೋಟಿ, ಮತ್ತು ಆ ಆಲ್ಬಮ್‌ನ ಜಾಗತಿಕ ಮಾರಾಟವೆಂದು ಸಾಮಾನ್ಯವಾಗಿ ಹೇಳುವ ಸಂಖ್ಯೆಯೂ ಅದೇ. ತಂಡದ ಒಟ್ಟು 25 ಕೋಟಿಯನ್ನು ಅಮೆರಿಕದ 7.5 ಕೋಟಿಯಿಂದ ಭಾಗಿಸಿದರೆ ಮೂರು ಚಿಲ್ಲರೆ ಬರುತ್ತದೆ. ಅಂದರೆ 25 ಕೋಟಿ ಎಂಬುದು ಗಾಳಿಯಲ್ಲಿ ಹುಟ್ಟಿದ ಸಂಖ್ಯೆಯಲ್ಲ, ಆದರೆ ತಟ್ಟೆಗಳನ್ನು ಎರಡೆರಡಾಗಿ ಎಣಿಸಿದ ಮೊತ್ತಕ್ಕೆ ಅದು ಹೊಂದುತ್ತದೆ ಎಂಬುದು ನನ್ನ ತರ್ಕ. ಸರಿಪಡಿಸಿದ 6 ಕೋಟಿಯಿಂದ ಹೊರಟು, ಈ ತಂಡದ ಮಟ್ಟಿಗೆ ಅಮೆರಿಕದ ಪಾಲು ಶೇ 30ರಿಂದ 40ರ ನಡುವೆ ಇದ್ದೀತು ಎಂದು ಹಿಡಿದರೆ, ಜಗತ್ತಿನಲ್ಲಿ ಮಾರಾಟವಾದ ಆಲ್ಬಮ್‌ಗಳು 15ರಿಂದ 20 ಕೋಟಿ. ಯೂರೋಪಿನಲ್ಲಿ ಪಿಂಕ್ ಫ್ಲಾಯ್ಡ್ ಮೇಲಿನ ಅಭಿಮಾನ ಅಮೆರಿಕಕ್ಕಿಂತ ಕಡಿಮೆಯದಲ್ಲವಾದ್ದರಿಂದ, ಮತ್ತು ನವೀಕರಿಸದ ಹಳೆಯ ಪ್ರಮಾಣಪತ್ರಗಳಿಂದಾಗಿ 6 ಕೋಟಿಯೂ ತುಸು ಕಡಿಮೆಯೇ ಇರಬಹುದಾದ್ದರಿಂದ, ನಾನು ಈ ವ್ಯಾಪ್ತಿಯ ಮೇಲ್ತುದಿಯ ಕಡೆಗೆ ವಾಲುತ್ತೇನೆ. ನೀವು ಆಲ್ಬಮ್‌ಗಳ ಲೆಕ್ಕ ಕೇಳಿದ್ದೀರಿ. ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ 20 ಕೋಟಿಯನ್ನು ಆರಿಸಿ.

ಇನ್ನು ಮುಂದೆ ಬರುವ ಸಂಖ್ಯೆಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. 2016ರಿಂದ ಆರ್‌ಐಎಎ ಆಲ್ಬಮ್ ಪ್ರಮಾಣಪತ್ರಕ್ಕೆ ಸ್ಟ್ರೀಮಿಂಗ್ ಅನ್ನೂ ಸೇರಿಸುತ್ತಿದೆ. ಆಗ ನಿಗದಿಯಾದ ಲೆಕ್ಕದಲ್ಲಿ 1,500 ಬಾರಿ ಕೇಳಿದ ಹಾಡುಗಳು ಒಂದು ಆಲ್ಬಮ್‌ಗೆ ಸಮ. ಬ್ರಿಟನ್ನಿನಲ್ಲಿ ಕ್ವೀನ್ ತಂಡದ 1981ರ 'ಗ್ರೇಟೆಸ್ಟ್ ಹಿಟ್ಸ್' 2014ರಲ್ಲಿ 60 ಲಕ್ಷ ದಾಟಿತ್ತು, 2022ರಲ್ಲಿ 70 ಲಕ್ಷ ತಲುಪಿತು ಎಂದು ಓದುವಾಗ ಎರಡನೆಯ ಸಂಖ್ಯೆಯಲ್ಲಿ ಫೋನಿನಲ್ಲಿ ಕೇಳಿದ್ದೂ ಸೇರಿದೆ ಎಂಬುದು ನೆನಪಿರಬೇಕು. ತೀರ್ಥಹಳ್ಳಿಯ ಮನೆಯಲ್ಲಿ ಕುಳಿತು ನೀವು ಅಧಿಕೃತ ಆ್ಯಪ್‌ನಲ್ಲಿ ಕೇಳುವ ಹಾಡು ಇಂದು ಯಾವುದೋ ಒಂದು ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಅಣ್ಣನ ಕ್ಯಾಸೆಟ್‌ಗಳು ಕಂಪನಿಯ ಮುದ್ರಣವಾಗಿದ್ದರೆ ಅವೂ ಒಂದು ಕಾಲದಲ್ಲಿ ಸೇರಿರಬಹುದು. ಹೊದಿಕೆಯ ಕಾಗದದ ಮೇಲೆ ಹಾಡಿನ ಹೆಸರುಗಳು ಅಚ್ಚಾಗಿವೆಯೋ, ಕೈಬರಹದಲ್ಲಿವೆಯೋ ಒಮ್ಮೆ ನೋಡಿ.