ಕ್ರೀಡೆಯಲ್ಲಿ ‘ಲಿಂಗ ಪರೀಕ್ಷೆ’ ಎಂದರೇನು?

ಮಹಿಳೆಯರ ವಿಭಾಗದಲ್ಲಿ ಸ್ಪರ್ಧಿಸಲು ಬಂದವರು ಆ ವಿಭಾಗಕ್ಕೆ ಅರ್ಹರೇ ಎಂದು ತಿಳಿಯಲು ಕ್ರೀಡಾ ಸಂಸ್ಥೆಗಳು ನಡೆಸುವ ವೈದ್ಯಕೀಯ ತಪಾಸಣೆಯೇ ಲಿಂಗ ಪರೀಕ್ಷೆ. ನಮ್ಮ ಸ್ಕ್ಯಾನಿಂಗ್ ಸೆಂಟರುಗಳ ಗೋಡೆಗೆ ಹಾಕಿರುವ ‘ಭ್ರೂಣಲಿಂಗ ಪತ್ತೆ ಅಪರಾಧ’ ಎಂಬ ಫಲಕಕ್ಕೂ ಇದಕ್ಕೂ ಸಂಬಂಧವಿಲ್ಲ. ಪುರುಷರ ವಿಭಾಗದಲ್ಲಿ ಓಡುವವರನ್ನು ಯಾರೂ ಈ ಪರೀಕ್ಷೆಗೆ ಕರೆಯುವುದಿಲ್ಲ. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ತನ್ನ ವಿಶ್ವ ಮಟ್ಟದ ಕೂಟಗಳಲ್ಲಿ ಮಹಿಳಾ ವಿಭಾಗಕ್ಕೆ ಇಳಿಯುವ ಪ್ರತಿಯೊಬ್ಬರೂ ಜೀವಮಾನದಲ್ಲಿ ಒಮ್ಮೆ ಜೀನ್ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬ ನಿಯಮ ತಂದಿದೆ. ಅದೇ ತಿಂಗಳು ಟೋಕಿಯೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಅದು ಅನ್ವಯವಾಯಿತು. ಹಾಗಾಗಿ ಈ ಪದ ಮತ್ತೆ ಸುದ್ದಿಗೆ ಬಂತು.

ಸುದ್ದಿ ಓದುವಾಗ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ಹುಟ್ಟಿದಾಗ ಗಂಡೆಂದು ದಾಖಲಾಗಿ, ಮುಂದೆ ಹೆಣ್ಣಾಗಿ ಬದುಕುವವರು ಟ್ರಾನ್ಸ್‌ಜೆಂಡರ್ ಮಹಿಳೆಯರು. ಅವರ ಬಗ್ಗೆ ಕ್ರೀಡಾ ಸಂಸ್ಥೆಗಳಲ್ಲಿ ಪ್ರತ್ಯೇಕ ನಿಯಮಗಳಿವೆ. ಹೊರಗಿನಿಂದ ಮದ್ದು ತೆಗೆದುಕೊಂಡು ಶಕ್ತಿ ಹೆಚ್ಚಿಸಿಕೊಳ್ಳುವುದು ಉದ್ದೀಪನ ಮದ್ದು ಸೇವನೆ, ಅದು ಮೋಸ. ಇನ್ನು ಮೂರನೆಯವರು ಹೆಣ್ಣಾಗಿಯೇ ಹುಟ್ಟಿ, ಹೆಣ್ಣಾಗಿಯೇ ಬೆಳೆದವರು. ಅವರ ವರ್ಣತಂತು (ಕ್ರೋಮೋಸೋಮ್), ಗ್ರಂಥಿ ಅಥವಾ ಹಾರ್ಮೋನುಗಳು ಪಠ್ಯಪುಸ್ತಕದ ಚಿತ್ರಕ್ಕೆ ಪೂರ್ತಿ ಹೊಂದುವುದಿಲ್ಲ. ವೈದ್ಯರು ಇದನ್ನು ಲಿಂಗ ಬೆಳವಣಿಗೆಯ ಭಿನ್ನತೆ ಎನ್ನುತ್ತಾರೆ, ಸುದ್ದಿಯಲ್ಲಿ ‘ಡಿಎಸ್‌ಡಿ’ ಎಂದು ಬರುತ್ತದೆ. ಲಿಂಗ ಪರೀಕ್ಷೆಯ ಇತಿಹಾಸದಲ್ಲಿ ಸಿಕ್ಕಿಬಿದ್ದವರು ಹೆಚ್ಚಾಗಿ ಈ ಮೂರನೆಯ ಗುಂಪಿನವರು. ಅವರು ಯಾರಿಗೂ ಮೋಸ ಮಾಡಿರಲಿಲ್ಲ, ಎಷ್ಟೋ ಜನರಿಗೆ ತಮ್ಮ ಮೈಯೊಳಗೆ ಹಾಗೊಂದು ಭಿನ್ನತೆಯಿದೆ ಎಂಬುದೇ ಗೊತ್ತಿರಲಿಲ್ಲ.

ಶಾಲೆಯಲ್ಲಿ ಓದಿದ ಲೆಕ್ಕ ಸುಲಭ: ಎಕ್ಸ್ ಎಕ್ಸ್ ಇದ್ದರೆ ಹೆಣ್ಣು, ಎಕ್ಸ್ ವೈ ಇದ್ದರೆ ಗಂಡು. ಬಹುಪಾಲು ಜನರಿಗೆ ಇದು ಸರಿಹೊಂದುತ್ತದೆ. ಆದರೆ ವೈ ವರ್ಣತಂತು ಇದ್ದೂ, ದೇಹದ ಜೀವಕೋಶಗಳು ಟೆಸ್ಟೋಸ್ಟೆರಾನ್ ಎಂಬ, ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನಿಗೆ ಚೂರೂ ಸ್ಪಂದಿಸದ ಹೆಣ್ಣುಮಕ್ಕಳಿದ್ದಾರೆ. ಹಾರ್ಮೋನು ರಕ್ತದಲ್ಲಿ ತುಂಬಿದ್ದರೂ ಸ್ನಾಯುವಿಗೆ ಅದರಿಂದ ಕಿಂಚಿತ್ತೂ ಲಾಭವಿಲ್ಲ. ಇನ್ನು ಕೆಲವರಲ್ಲಿ ಸ್ಪಂದನೆ ಭಾಗಶಃ ಇರುತ್ತದೆ. ಮತ್ತೆ ಕೆಲವರ ದೇಹದಲ್ಲಿ ಒಂದು ಕಿಣ್ವದ ಕೊರತೆಯಿಂದಾಗಿ ಹುಟ್ಟುವಾಗ ಹೆಣ್ಣಿನ ಲಕ್ಷಣ ಕಂಡು, ಪ್ರಾಯಕ್ಕೆ ಬರುವಾಗ ಟೆಸ್ಟೋಸ್ಟೆರಾನ್ ಗಂಡಸರ ಮಟ್ಟಕ್ಕೆ ಏರುತ್ತದೆ. ಇವರೆಲ್ಲರನ್ನೂ ಒಂದೇ ಪರೀಕ್ಷೆಯಿಂದ ಅಳೆಯಲು ಹೋದದ್ದೇ ಈ ಅರವತ್ತು ವರ್ಷಗಳ ತೊಡಕು.

ಶುರುವಾದದ್ದು ಬಲು ಕ್ರೂರವಾಗಿ. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಬಂದ ಓಟಗಾರ್ತಿಯರನ್ನು ವೈದ್ಯರ ತಂಡದ ಮುಂದೆ ಬೆತ್ತಲೆ ನಿಲ್ಲಿಸಿ ನೋಡಲಾಯಿತು. ಪ್ರತಿಭಟನೆ ಎದ್ದ ಮೇಲೆ ‘ವೈಜ್ಞಾನಿಕ’ ಪರೀಕ್ಷೆ ಬಂತು. 1968ರ ಮೆಕ್ಸಿಕೋ ಒಲಿಂಪಿಕ್ಸ್ ಹೊತ್ತಿಗೆ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು, ಸಿಕ್ಕ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಎರಡು ಎಕ್ಸ್ ಇದ್ದವರ ಕೋಶಕೇಂದ್ರದ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಚುಕ್ಕೆ ಕಂಡರೆ ಪಾಸು, ಕಾಣದಿದ್ದರೆ ಫೇಲು. ಪಾಸಾದವರಿಗೆ ಒಂದು ಪ್ರಮಾಣಪತ್ರ ಕೊಡುತ್ತಿದ್ದರು. ಒಂದೇ ಎಕ್ಸ್ ಇರುವ ಹೆಣ್ಣುಮಕ್ಕಳು ಈ ಪರೀಕ್ಷೆಯಲ್ಲಿ ಫೇಲಾಗುತ್ತಿದ್ದರು, ಅವರಿಗೆ ಓಟದಲ್ಲಿ ಯಾವ ಅನುಕೂಲವೂ ಇಲ್ಲದಿದ್ದರೂ. ಎರಡು ಎಕ್ಸ್ ಜೊತೆಗೆ ಒಂದು ವೈ ಇರುವ ಗಂಡಸು ಕೆನ್ನೆ ಕೊಟ್ಟಿದ್ದರೆ ಪಾಸಾಗುತ್ತಿದ್ದ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ರಿಲೇ ಚಿನ್ನ ಗೆದ್ದಿದ್ದ ಪೋಲೆಂಡಿನ ಎವಾ ಕ್ಲೊಬುಕೊವ್ಸ್ಕಾ 1967ರಲ್ಲೇ ಇಂಥದೊಂದು ಪರೀಕ್ಷೆಯಲ್ಲಿ ಹೊರಬಿದ್ದು, ಆಮೇಲೆ ತಮ್ಮ ದಾಖಲೆಗಳನ್ನೂ ಕಳೆದುಕೊಂಡರು.

ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೋ ಅವರ ಕಥೆ ತಿಳಿಯದೆ ಈ ಪದ ಅರ್ಥವಾಗುವುದಿಲ್ಲ. 1983ರಲ್ಲಿ ಹೆಲ್ಸಿಂಕಿಯಲ್ಲಿ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಿದ್ದರು. 1985ರಲ್ಲಿ ಜಪಾನಿನ ಕೋಬೆಯಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೊರಟಾಗ ಆ ಕಾಗದವನ್ನು ಮನೆಯಲ್ಲೇ ಮರೆತರು. ಮತ್ತೆ ಕೆನ್ನೆ ಕೆರೆದು ನೋಡಿದರು, ಈ ಸಲ ಫಲಿತಾಂಶ ಬೇರೆ ಬಂತು. ಗಾಯವಾಗಿದೆ ಎಂದು ಹೇಳಿಸಿ ಅವರನ್ನು ಓಟದಿಂದ ದೂರವಿಟ್ಟರು. ತಿಂಗಳುಗಳ ನಂತರ ಬಂದ ವರದಿಯಲ್ಲಿ ಎಕ್ಸ್ ವೈ ಎಂದಿತ್ತು. ದೇಹ ಟೆಸ್ಟೋಸ್ಟೆರಾನ್‌ಗೆ ಸ್ಪಂದಿಸದ ಹೆಣ್ಣುಮಕ್ಕಳಲ್ಲಿ ಅವರೂ ಒಬ್ಬರು. 1986ರ ರಾಷ್ಟ್ರೀಯ ಕೂಟದ ಮುಂಚೆ, ಸುಮ್ಮನೆ ಗಾಯದ ನೆಪ ಹೇಳಿ ನಿವೃತ್ತರಾಗಿ ಎಂಬ ಸೂಚನೆ ಬಂತು. ಅವರು ಒಪ್ಪದೆ ಓಡಿದರು, ಗೆದ್ದರು. ವರದಿ ಪತ್ರಿಕೆಗಳಿಗೆ ಸೋರಿಕೆಯಾಯಿತು. ವಿದ್ಯಾರ್ಥಿವೇತನ ಹೋಯಿತು, ಕ್ರೀಡಾಪಟುಗಳ ವಸತಿಯಿಂದ ಹೊರಹಾಕಿದರು, ದಾಖಲೆ ಅಳಿಸಿದರು, ಮದುವೆಯಾಗಬೇಕಿದ್ದವನೂ ಬಿಟ್ಟುಹೋದ. ಅವರು ವಿಜ್ಞಾನಿಗಳ ನೆರವಿನಿಂದ ಹೋರಾಡಿ 1988ರಲ್ಲಿ ಅರ್ಹತೆ ಮರಳಿ ಪಡೆದರು. ಅಷ್ಟರಲ್ಲಿ ಓಟದ ಅತ್ಯುತ್ತಮ ವರ್ಷಗಳು ಕಳೆದಿದ್ದವು. ಬಾರ್ಸಿಲೋನಾ ಒಲಿಂಪಿಕ್ಸ್ ಅರ್ಹತೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ತಪ್ಪಿತು.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3,387 ಮಹಿಳಾ ಕ್ರೀಡಾಪಟುಗಳ ಪೈಕಿ ಎಂಟು ಜನರ ಪರೀಕ್ಷೆ ಬೇರೆ ಬಂತು. ಮುಂದಿನ ತಪಾಸಣೆಯ ಬಳಿಕ ಎಂಟೂ ಜನರಿಗೆ ಸ್ಪರ್ಧಿಸಲು ಬಿಟ್ಟರು. ಗಂಡಸರು ವೇಷ ಹಾಕಿಕೊಂಡು ಬರುತ್ತಾರೆ ಎಂಬ ಭಯಕ್ಕೆ ಹುಟ್ಟಿದ ಪರೀಕ್ಷೆ ಅಂಥವರೊಬ್ಬರನ್ನೂ ಹಿಡಿಯಲಿಲ್ಲ. 1999ರಲ್ಲಿ ಒಲಿಂಪಿಕ್ ಸಮಿತಿ ಎಲ್ಲರಿಗೂ ಮಾಡುವ ಪರೀಕ್ಷೆಯನ್ನು ಕೈಬಿಟ್ಟಿತು. ಆದರೆ ‘ಅನುಮಾನ ಬಂದರೆ’ ಪರೀಕ್ಷಿಸುವ ಅಧಿಕಾರ ಉಳಿಯಿತು. ನನ್ನ ಪ್ರಕಾರ ಇಲ್ಲಿಂದಾಚೆಗಿನ ಭಾಗ ಇನ್ನೂ ಕಹಿಯಾದದ್ದು, ಏಕೆಂದರೆ ಅನುಮಾನ ಯಾರ ಮೇಲೆ ಬರುತ್ತದೆ ಎಂಬುದು ಮುಖ, ಮೈಕಟ್ಟು, ದನಿ, ಬಣ್ಣಗಳ ಮೇಲೆ ನಿಂತಿತು.

ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಕತ್ತಕುರಿಚ್ಚಿಯ ಶಾಂತಿ ಸೌಂದರರಾಜನ್ ಇಟ್ಟಿಗೆ ಗೂಡಿನಲ್ಲಿ ದುಡಿಯುವ ದಲಿತ ದಂಪತಿಯ ಮಗಳು. 2006ರ ಡಿಸೆಂಬರಿನಲ್ಲಿ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಅದಾದ ಮೇಲೆ ಕರೆದು ತಪಾಸಣೆ ಮಾಡಿದರು, ಏಕೆಂದು ಸರಿಯಾಗಿ ಹೇಳಲಿಲ್ಲ. ಊರಿಗೆ ಮರಳಿದ ಹುಡುಗಿಗೆ ತನ್ನ ‘ಫಲಿತಾಂಶ’ ತಿಳಿದದ್ದು ಟೀವಿ ಸುದ್ದಿಯಿಂದ. ಪದಕ ಕಿತ್ತುಕೊಂಡರು. ನಿಯಮ ಏನು ಹೇಳುತ್ತದೆ, ಮೇಲ್ಮನವಿ ಎಲ್ಲಿ ಹಾಕಬೇಕು, ತನ್ನ ಆರೋಗ್ಯದ ಬಗ್ಗೆ ಯಾವ ವೈದ್ಯರನ್ನು ಕೇಳಬೇಕು ಎಂದು ಪಕ್ಕದಲ್ಲಿ ಕೂತು ಹೇಳುವವರು ಯಾರೂ ಇರಲಿಲ್ಲ. ತಮಿಳುನಾಡು ಸರ್ಕಾರ ಮಾತ್ರ ಘೋಷಿಸಿದ್ದ 15 ಲಕ್ಷ ರೂಪಾಯಿ ಬಹುಮಾನವನ್ನು ಕೊಟ್ಟೇ ಕೊಟ್ಟಿತು. ಆ ಹಣದಲ್ಲಿ ಅವರು ಊರ ಮಕ್ಕಳಿಗೆ ತರಬೇತಿ ಶುರುಮಾಡಿದರು. ಆದರೂ ಅವಮಾನ ಬೆನ್ನು ಬಿಡಲಿಲ್ಲ. ಒಮ್ಮೆ ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದರು. 2012ರ ಹೊತ್ತಿಗೆ ಅಪ್ಪ ಅಮ್ಮನಂತೆಯೇ ಇಟ್ಟಿಗೆ ಗೂಡಿನಲ್ಲಿ ದಿನಗೂಲಿ ಮಾಡುತ್ತಿದ್ದರು. ಮುಂದೆ ಕೋಚ್ ಆಗಿ ಮೈದಾನಕ್ಕೆ ಮರಳಿದ್ದು ಅವರ ಛಲದಿಂದ.

ಮೂರು ವರ್ಷಗಳ ನಂತರ, 2009ರಲ್ಲಿ, ದಕ್ಷಿಣ ಆಫ್ರಿಕಾದ 18 ವರ್ಷದ ಕ್ಯಾಸ್ಟರ್ ಸೆಮೆನ್ಯಾ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 800 ಮೀಟರನ್ನು 1 ನಿಮಿಷ 55.45 ಸೆಕೆಂಡಿನಲ್ಲಿ ಓಡಿ ಗೆದ್ದರು. ಆಗಲೂ ಅದೇ ಆಯಿತು: ಅವರ ಮೇಲೆ ಪರೀಕ್ಷೆ ನಡೆಯುತ್ತಿದೆ ಎಂಬ ಸುದ್ದಿ ಓಟಕ್ಕೆ ಮೊದಲೇ ಹೊರಬಿತ್ತು. ಗದ್ದಲ ಆದ ಮೇಲೆ 2011ರಲ್ಲಿ ವರ್ಣತಂತುವನ್ನು ಬಿಟ್ಟು ಹಾರ್ಮೋನನ್ನು ಅಳತೆಗೋಲು ಮಾಡಿಕೊಂಡರು. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಲೀಟರಿಗೆ 10 ನ್ಯಾನೋಮೋಲ್ ದಾಟಿದರೆ ಮದ್ದಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಓಡುವಂತಿಲ್ಲ. 2013ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಲೇಖನ ಬಡ ದೇಶಗಳಿಂದ ಬಂದ ನಾಲ್ವರು ಯುವ ಓಟಗಾರ್ತಿಯರ ಮೇಲೆ ಫ್ರಾನ್ಸಿನಲ್ಲಿ ನಡೆದ ಶಸ್ತ್ರಚಿಕಿತ್ಸೆಯನ್ನು ವಿವರಿಸಿತು. ಅವರ ಆರೋಗ್ಯಕ್ಕೆ ಅದರ ಅಗತ್ಯವಿರಲಿಲ್ಲ. ಗ್ರಂಥಿಗಳನ್ನು ತೆಗೆದದ್ದಲ್ಲದೆ ಜನನಾಂಗದ ಒಂದು ಭಾಗವನ್ನೂ ಕತ್ತರಿಸಿದ್ದರು. ಓಟಕ್ಕೂ ಅದಕ್ಕೂ ಏನು ಸಂಬಂಧ? ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಬೆಂಗಳೂರು ಈ ಕಥೆಯೊಳಗೆ ಬರುವುದು 2014ರಲ್ಲಿ. ಒಡಿಶಾದ ಜಾಜ್‌ಪುರ ಜಿಲ್ಲೆಯ ನೇಕಾರರ ಮಗಳು ದ್ಯುತಿ ಚಂದ್ ತೈಪೆಯ ಏಷ್ಯನ್ ಜೂನಿಯರ್ ಕೂಟದಲ್ಲಿ ಎರಡು ಚಿನ್ನ ಗೆದ್ದು ಬಂದಿದ್ದರು. ವಯಸ್ಸು 18. ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟಕ್ಕೆ ಹೊರಡುವ ತಯಾರಿಯಲ್ಲಿದ್ದಾಗ ದೆಹಲಿಗೆ ಕರೆಸಿ ಸ್ಕ್ಯಾನ್ ಮಾಡಿದರು, ಆಮೇಲೆ ಬೆಂಗಳೂರಿನಲ್ಲಿ ರಕ್ತ, ವರ್ಣತಂತು, ಎಂಆರ್‌ಐ, ಕೊನೆಗೆ ಗುಪ್ತಾಂಗದ ತಪಾಸಣೆ. ಉದ್ದೀಪನ ಮದ್ದಿನ ಪರೀಕ್ಷೆಗೆ ಇಷ್ಟೆಲ್ಲ ಏಕೆ ಎಂದು ಆ ಹುಡುಗಿಗೆ ತಿಳಿಯಲಿಲ್ಲ. ಕೂಟಕ್ಕೆ ಇನ್ನು ಕೆಲವೇ ದಿನಗಳಿವೆ ಎನ್ನುವಾಗ ತಂಡದಿಂದ ಹೆಸರು ತೆಗೆದರು, ಸುದ್ದಿ ಪತ್ರಿಕೆಗೆ ಹೋಯಿತು. ಆದರೆ ಶಾಂತಿಯವರಿಗೆ ಇಲ್ಲದ್ದು ದ್ಯುತಿಯವರಿಗೆ ಸಿಕ್ಕಿತು. ಈ ವಿಷಯದಲ್ಲಿ ಸಂಶೋಧನೆ ಮಾಡಿದ್ದ ಪಯೋಷ್ಣಿ ಮಿತ್ರ ಜೊತೆ ನಿಂತರು, ಕ್ರೀಡಾ ಪ್ರಾಧಿಕಾರ ಬೆಂಬಲಿಸಿತು, ಸ್ವಿಟ್ಜರ್ಲೆಂಡಿನ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಮೇಲ್ಮನವಿ ಹೋಯಿತು. ಮದ್ದು ಬೇಡ, ಶಸ್ತ್ರಚಿಕಿತ್ಸೆ ಬೇಡ, ಇದ್ದ ಹಾಗೆ ಓಡುತ್ತೇನೆ ಎಂಬುದು ಅವರ ನಿಲುವು. 2015ರ ಜುಲೈನಲ್ಲಿ ನ್ಯಾಯಾಲಯ ಆ ನಿಯಮವನ್ನೇ ಎರಡು ವರ್ಷ ತಡೆಹಿಡಿಯಿತು. ಸಹಜವಾಗಿ ಹೆಚ್ಚಿರುವ ಟೆಸ್ಟೋಸ್ಟೆರಾನ್‌ನಿಂದ ಎಷ್ಟು ಲಾಭ ಎಂದು ಮೊದಲು ಸಾಬೀತುಮಾಡಿ ಎಂದಿತು. ಮರುವರ್ಷ ರಿಯೋದಲ್ಲಿ ಓಡಿದ ದ್ಯುತಿ, 1980ರಲ್ಲಿ ಪಿ.ಟಿ. ಉಷಾ ಓಡಿದ ಮೇಲೆ ಒಲಿಂಪಿಕ್ಸ್ 100 ಮೀಟರಿಗಿಳಿದ ಮೊದಲ ಭಾರತೀಯ ಮಹಿಳೆ. 2018ರ ಜಕಾರ್ತಾ ಏಷ್ಯನ್ ಕೂಟದಲ್ಲಿ ಎರಡು ಬೆಳ್ಳಿ ತಂದರು. (2023ರಲ್ಲಿ ಅವರ ಮೇಲೆ ಬಿದ್ದ ನಿಷೇಧ ಉದ್ದೀಪನ ಮದ್ದಿಗೆ ಸಂಬಂಧಿಸಿದ್ದು, ಇದಕ್ಕೆ ಗಂಟು ಹಾಕಬಾರದು.)

ಪರೀಕ್ಷೆಯ ಪರ ಇರುವವರ ವಾದವನ್ನು ತಳ್ಳಿಹಾಕಲಾಗದು. ಉನ್ನತ ಮಟ್ಟದ ಓಟದಲ್ಲಿ ಗಂಡಸರಿಗೂ ಹೆಂಗಸರಿಗೂ ಸುಮಾರು ಶೇ 10ರಷ್ಟು ಅಂತರವಿದೆ. ಪ್ರಾಯದಲ್ಲಿ ಹರಿಯುವ ಟೆಸ್ಟೋಸ್ಟೆರಾನ್ ಅದಕ್ಕೆ ದೊಡ್ಡ ಕಾರಣ. ಹೆಂಗಸರಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 2 ನ್ಯಾನೋಮೋಲ್‌ಗಿಂತ ಕಡಿಮೆ, ಗಂಡಸರಲ್ಲಿ ಸುಮಾರು 8ರಿಂದ ಮೇಲಕ್ಕೆ. ಮಹಿಳಾ ವಿಭಾಗ ಇರದಿದ್ದರೆ ಹೆಣ್ಣುಮಕ್ಕಳು ಫೈನಲ್ ಮೆಟ್ಟಿಲನ್ನೇ ಹತ್ತಲಾರರು. ಸೆಮೆನ್ಯಾ ಚಿನ್ನ ಗೆದ್ದ 2016ರ ರಿಯೋ ಒಲಿಂಪಿಕ್ಸ್‌ನ 800 ಮೀಟರಿನಲ್ಲಿ ನಾಲ್ಕನೆಯ, ಐದನೆಯ ಸ್ಥಾನಕ್ಕೆ ಬಿದ್ದವರೂ ಬೆವರು ಸುರಿಸಿ ಬಂದವರೇ, ಅವರ ನೋವೂ ನಿಜ. ಆ ವಿಭಾಗಕ್ಕೆ ಒಂದು ಗೆರೆ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಪ್ರಶ್ನೆ ಇರುವುದು ಗೆರೆಯನ್ನು ಯಾವ ಪುರಾವೆಯ ಮೇಲೆ, ಹೇಗೆ ಎಳೆಯುತ್ತಾರೆ ಮತ್ತು ಗೆರೆಯ ಆಚೆ ಬಿದ್ದ ಹುಡುಗಿಯನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬಲ್ಲಿ.

ಪುರಾವೆಯ ಮಾತು ಹೀಗಿದೆ. 2018ರಲ್ಲಿ ಹೊಸ ನಿಯಮ 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ ಬಂತು, ಮಿತಿ 5 ನ್ಯಾನೋಮೋಲ್. ದ್ಯುತಿ ಪಾರಾದರು, ಸೆಮೆನ್ಯಾ ಸಿಕ್ಕಿಕೊಂಡರು. 2019ರಲ್ಲಿ ಅದೇ ಕ್ರೀಡಾ ನ್ಯಾಯಾಲಯ ಇಬ್ಬರು ಒಪ್ಪಿ ಒಬ್ಬರು ಒಪ್ಪದ ತೀರ್ಪಿನಲ್ಲಿ, ನಿಯಮ ತಾರತಮ್ಯದ್ದೇ, ಆದರೂ ಅಗತ್ಯ ಎಂದಿತು. ಆ ನಿಯಮಕ್ಕೆ ಆಧಾರವಾಗಿದ್ದ, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯದೇ ವಿಜ್ಞಾನಿಗಳು ನಡೆಸಿದ 2017ರ ಅಧ್ಯಯನಕ್ಕೆ 2021ರಲ್ಲಿ ತಿದ್ದುಪಡಿ ಪ್ರಕಟವಾಯಿತು: ಅದರಿಂದ ಕಾರಣ ಮತ್ತು ಪರಿಣಾಮದ ನಂಟು ಸಾಬೀತಾಗುವುದಿಲ್ಲ ಎಂದು. 2023ರಲ್ಲಿ ಮಿತಿ 2.5ಕ್ಕೆ ಇಳಿಯಿತು, ಎಲ್ಲ ಸ್ಪರ್ಧೆಗಳಿಗೂ ಹರಡಿತು. 2025ರಲ್ಲಿ ಮತ್ತೆ ವರ್ಣತಂತುವಿನ ಕಡೆಗೇ ಹೊರಳಿ, ವೈ ವರ್ಣತಂತುವಿನ ‘ಎಸ್‌ಆರ್‌ವೈ’ ಎಂಬ ಜೀನ್ ಇದೆಯೇ ಎಂದು ನೋಡುವ ಪರೀಕ್ಷೆ ಬಂತು. ಆ ಜೀನನ್ನು 1990ರಲ್ಲಿ ಗುರುತಿಸಿದ ಆಸ್ಟ್ರೇಲಿಯಾದ ವಿಜ್ಞಾನಿ ಆಂಡ್ರ್ಯೂ ಸಿಂಕ್ಲೇರ್ ಅವರೇ, ಜೀನ್ ಇದೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡಿದೆಯೇ, ದೇಹ ಹಾರ್ಮೋನಿಗೆ ಸ್ಪಂದಿಸಿದೆಯೇ ಎಂದು ಹೇಳಲಾಗದು ಎಂದು ಬಹಿರಂಗವಾಗಿ ಬರೆದರು. ಫ್ರಾನ್ಸಿನಲ್ಲಿ ವೈದ್ಯಕೀಯ ಕಾರಣವಿಲ್ಲದೆ ಇಂಥ ಜೀನ್ ಪರೀಕ್ಷೆ ಮಾಡಲು ಕಾನೂನು ಬಿಡದು, ಹಾಗಾಗಿ ಅಲ್ಲಿನ ಓಟಗಾರ್ತಿಯರು ದೇಶದ ಹೊರಗೆ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು. ಪಟಿನ್ಯೋ ಅವರಂತೆ ಹಾರ್ಮೋನಿಗೆ ಪೂರ್ತಿ ಸ್ಪಂದಿಸದವರಿಗೆ ಹೊಸ ನಿಯಮದಲ್ಲಿ ವಿನಾಯಿತಿ ಇದೆ ಎಂಬುದನ್ನೂ ಹೇಳಬೇಕು.

ಬಾಕ್ಸಿಂಗ್‌ನಲ್ಲೂ ಇದೇ ಜಗಳ. ಅಲ್ಜೀರಿಯಾದ ಇಮಾನ್ ಖೆಲಿಫ್ ಮತ್ತು ತೈವಾನಿನ ಲಿನ್ ಯು ಟಿಂಗ್ ಅವರನ್ನು 2023ರಲ್ಲಿ ನವದೆಹಲಿಯ ವಿಶ್ವ ಚಾಂಪಿಯನ್‌ಷಿಪ್‌ನಿಂದ ಅಂದಿನ ಬಾಕ್ಸಿಂಗ್ ಸಂಸ್ಥೆ ಹೊರಹಾಕಿತ್ತು. ಒಲಿಂಪಿಕ್ ಸಮಿತಿ 2024ರ ಪ್ಯಾರಿಸ್‌ನಲ್ಲಿ ಅವಕಾಶ ಕೊಟ್ಟಿತು, ಇಬ್ಬರೂ ಚಿನ್ನ ಗೆದ್ದರು. ಆ ದಿನಗಳಲ್ಲಿ ಖೆಲಿಫ್ ಅವರನ್ನು ‘ಗಂಡಸು’, ‘ಟ್ರಾನ್ಸ್‌ಜೆಂಡರ್’ ಎಂದು ಕರೆದ ಪೋಸ್ಟುಗಳನ್ನು ಕನ್ನಡದಲ್ಲೂ ಬೇಕಾದಷ್ಟು ಜನ ಹಂಚಿಕೊಂಡರು. ಅವರು ಹೆಣ್ಣಾಗಿ ಹುಟ್ಟಿ ದಾಖಲಾದವರು, ಹೆಣ್ಣಾಗಿಯೇ ಬೆಳೆದವರು. ಮೈಕಟ್ಟಿನ ಒಂದು ಫೋಟೋ ನೋಡಿ ಇನ್ನೊಬ್ಬರ ಮೈಯೊಳಗಿನ ವಿಷಯವನ್ನು ತೀರ್ಮಾನಿಸುವ ಹಕ್ಕು ನಮಗೆ ಯಾರಿಗೂ ಇಲ್ಲ.

ಸೆಮೆನ್ಯಾ ಪ್ರಕರಣ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. 2025ರ ಜುಲೈ 10ರಂದು ಅದರ ಮಹಾಪೀಠ, ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯ ಅವರ ಅಹವಾಲನ್ನು ಸಾಕಷ್ಟು ಆಳವಾಗಿ ಪರಿಶೀಲಿಸಲಿಲ್ಲ, ನ್ಯಾಯಯುತ ವಿಚಾರಣೆಯ ಹಕ್ಕಿಗೆ ಧಕ್ಕೆಯಾಗಿದೆ ಎಂದು ತೀರ್ಪಿತ್ತಿತು. ತಾರತಮ್ಯದ ದೂರು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಹಾರ್ಮೋನು ಇಳಿಸುವ ನಿಯಮ ಸರಿಯೋ ತಪ್ಪೋ ಎಂಬ ಮೂಲ ಪ್ರಶ್ನೆಗೆ ಆ ಪೀಠದಿಂದ ಉತ್ತರ ಬರಲಿಲ್ಲ. ಸೆಮೆನ್ಯಾ 800 ಮೀಟರಿನ ಒಲಿಂಪಿಕ್ ಪಟ್ಟವನ್ನು ಉಳಿಸಿಕೊಳ್ಳಲು 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಕಿಗೆ ಇಳಿಯಬೇಕಾಗಿದ್ದ ವರ್ಷ ಅಷ್ಟರಲ್ಲಾಗಲೇ ಹಿಂದೆ ಸರಿದಿತ್ತು.