ಭ್ರೂಣದ ಮುಖ ಮತ್ತು ರಾಸಾಯನಿಕಗಳು: ಪರೀಕ್ಷೆ ನಡೆಯುವ ಬಗೆ

ರಾಸಾಯನಿಕವೊಂದು ಭ್ರೂಣದ ಮುಖ ಕೆಡಿಸುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ ಎಂಬ ಈ ಪಾಠದಲ್ಲಿ ಮೊದಲು ಹಿಡಿಯಬೇಕಾದದ್ದು ಸಮಯ. ಮನುಷ್ಯರ ಭ್ರೂಣದಲ್ಲಿ ಮುಖ ಮೂಡುವುದು ಸುಮಾರು 4ರಿಂದ 8ನೇ ವಾರದೊಳಗೆ. ಐದು ಉಬ್ಬುಗಳು ಬೆಳೆದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮೇಲಿನ ತುಟಿಯ ಜಾಗದಲ್ಲಿ ಕೂಡದೆ ಉಳಿದರೆ ಸೀಳು ತುಟಿ. ಬಸುರಿಯೆಂದು ತಾಯಿಗೆ ಇನ್ನೂ ಗೊತ್ತಾಗದ ದಿನಗಳೂ ಇದರಲ್ಲಿ ಸೇರಿರಬಹುದು. ನನಗೆ ತುಂಬಾ ತಟ್ಟಿದ್ದು ಇದೇ.

ಸಮಯ ಎಷ್ಟು ಮುಖ್ಯ ಅಂದರೆ, ಅಮೆರಿಕದ ಐಡಾಹೊದಲ್ಲಿ ಕುರಿಗಳು ವೆರಾಟ್ರಮ್ ಎಂಬ ಕಾಡುಗಿಡ ಮೇಯ್ದು ಒಕ್ಕಣ್ಣಿನ ಮರಿ ಹಾಕುತ್ತಿದ್ದವು. ಕಾರಣ ಹುಡುಕಿದಾಗ ಗರ್ಭದ 14ನೇ ದಿನ ಸಿಕ್ಕಿತು. ಆ ಹೊತ್ತಿಗೆ ತಿಂದರೆ ಈ ಕೇಡು. ಗಿಡದಲ್ಲಿದ್ದ ವಿಷಕ್ಕೆ ಆಮೇಲೆ ಸೈಕ್ಲೊಪಮಿನ್ ಎಂದು ಹೆಸರಿಟ್ಟರು.

ಮುಖದ ಮೂಳೆ, ಮೃದ್ವಸ್ಥಿ (ಕಿವಿಯಲ್ಲಿರುವಂಥ ಮೆತ್ತನೆ ಮೂಳೆ) ಬಹುಪಾಲು ಬರುವುದು ನ್ಯೂರಲ್ ಕ್ರೆಸ್ಟ್ ಕೋಶಗಳಿಂದ. ಮೆದುಳಾಗಲಿರುವ ಭಾಗದ ಅಂಚಿನಲ್ಲಿ ಹುಟ್ಟಿ, ಇವು ಮುಖದ ಕಡೆಗೆ ಸರಿದು ಹೋಗುತ್ತವೆ. ಆಲ್ಕೋಹಾಲ್ ಇವನ್ನು ಸಾಯಿಸಬಲ್ಲದು. ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಕೂಡ ಇವುಗಳ ಕೆಲಸ ಕೆಡಿಸುತ್ತದೆ.

ಈಗ ಪರೀಕ್ಷೆ. ಜೀಬ್ರಾ ಮೀನಿನ ಮೊಟ್ಟೆ ಪಾರದರ್ಶಕ, ತಾಯಿಯ ಹೊರಗೇ ಬೆಳೆಯುತ್ತದೆ. ಸಣ್ಣ ಗುಳಿಗಳ ತಟ್ಟೆಯಲ್ಲಿ ಮೊಟ್ಟೆ ಇಟ್ಟು, ಗುಳಿಗಳ ನೀರಿಗೆ ಬೇರೆ ಬೇರೆ ಪ್ರಮಾಣದಲ್ಲಿ ರಾಸಾಯನಿಕ ಬೆರೆಸುತ್ತಾರೆ. ಕೆಲವು ಗುಳಿಗಳಿಗೆ ಅದನ್ನು ಕರಗಿಸಿದ ದ್ರಾವಕ ಮಾತ್ರ. ಹೋಲಿಸಲು ಇದು ಬೇಕೇ ಬೇಕು. ಐದು ದಿನದ ಹೊತ್ತಿಗೆ ಮರಿಗೆ ಆಲ್ಸಿಯನ್ ನೀಲಿ ಎಂಬ ಬಣ್ಣ ಹಾಕಿದರೆ ಮೃದ್ವಸ್ಥಿ ಮಾತ್ರ ನೀಲಿಯಾಗುತ್ತದೆ. ಕೆಳಗಿನಿಂದ ನೋಡಿದರೆ ಮುಂದೆ ಬಿಲ್ಲಿನಂಥ ಕೆಳದವಡೆ, ಅದರ ಹಿಂದೆ ಎರಡು ಕಡ್ಡಿಗಳು ಕೂಡಿ ಮೂತಿಯ ಕಡೆಗೆ ಚೂಪಾದ ಬಾಣದ ತುದಿ. ಕೇಡಾದ ಮರಿಯಲ್ಲಿ ಆ ಕೋನ ಅಗಲವಾಗುತ್ತದೆ, ಜಾಸ್ತಿ ಕೆಟ್ಟರೆ ತುದಿ ಹಿಂದಕ್ಕೇ ತಿರುಗುತ್ತದೆ.

ಇಲ್ಲೇ ನಾವು ಎಡವುವುದು. ದವಡೆ ಚಿಕ್ಕದಾಗಿದೆ ಎಂದು ಸುಮ್ನೆ ಬರೆದರೆ ಸಾಲದು. ಇಡೀ ಮರಿಯೇ ಸೊರಗಿದ್ದರೆ, ಹೃದಯದ ಸುತ್ತ ನೀರು ತುಂಬಿದ್ದರೆ, ದವಡೆಯೂ ಚಿಕ್ಕದಾಗುವುದು ಸಹಜ, ಅಲ್ವಾ? ಮೈಯುದ್ದದ ಜೊತೆ ಹೋಲಿಸಿದಾಗಲೂ ದವಡೆ ಗಿಡ್ಡವೇ ಇದ್ದರೆ, ಅದೂ ಮರಿ ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ, ಆಗ ಪೆಟ್ಟು ಮುಖಕ್ಕೇ ಬಿದ್ದಿದೆ ಎನ್ನಲು ಆಧಾರ ಸಿಗುತ್ತದೆ.

ಮೀನಿನಲ್ಲಿ ಅಂಗುಳ ನಮ್ಮಂತೆ ಎರಡು ಬದಿಯಿಂದ ಬಂದು ಮುಚ್ಚುವುದಿಲ್ಲ. ಅದಕ್ಕೇ ಇಲಿ, ಮೊಲಗಳ ಮೇಲಿನ ಪರೀಕ್ಷೆ ಇನ್ನೂ ಉಳಿದಿದೆ. ಎರಡು ಜಾತಿಯ ಪ್ರಾಣಿ ಏಕೆ ಎಂದರೆ, ಬಸುರಿಯರು ನುಂಗಿ ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ ಔಷಧಿ ಥಾಲಿಡೊಮೈಡ್ ನೆನೆಯಿರಿ: ಇಲಿಯ ಮರಿಗಳು ಅದನ್ನು ಹೆಚ್ಚುಕಮ್ಮಿ ತಡೆದುಕೊಂಡವು, ಮೊಲದ ಮರಿಗಳಲ್ಲಿ ಊನ ಕಾಣಿಸಿತು.