ಆಲಿವ್ ಮರ ಕಡಿಯಲು ಯಾರ ಅಪ್ಪಣೆ ಬೇಕು?

ಕ್ರಿ.ಪೂ. 395ರ ಆಸುಪಾಸು. ಅಥೆನ್ಸ್‌ನ ಸಾಹುಕಾರನೊಬ್ಬ ಅರಿಯೋಪಗಸ್ ಎಂಬ ಹಿರಿಯರ ನ್ಯಾಯಮಂಡಳಿಯ ಮುಂದೆ ನಿಂತಿದ್ದಾನೆ. ಕೊಲೆ ಮಾಡಿಲ್ಲ, ಕದ್ದಿಲ್ಲ. ತನ್ನದೇ ಹೊಲದಲ್ಲಿದ್ದ ಆಲಿವ್ ಮರದ ಬೊಡ್ಡೆಯೊಂದನ್ನು ಕಿತ್ತು ಹಾಕಿದ ಅನ್ನೋದು ಅವನ ಮೇಲಿನ ದೂರು. ಸಾಬೀತಾದರೆ ಆಸ್ತಿ ಮುಟ್ಟುಗೋಲು, ಜೊತೆಗೆ ಗಡೀಪಾರು.

ಅವನಿಗೆ ಭಾಷಣ ಬರೆದುಕೊಟ್ಟವನು ಲಿಸಿಯಾಸ್, ಕೋರ್ಟಿಗೆ ಹೋಗುವವರಿಗೆ ಭಾಷಣ ಬರೆದುಕೊಡುವುದೇ ಅವನ ಕಸುಬು. ಆ ಭಾಷಣ ಇವತ್ತಿಗೂ ಉಳಿದಿದೆ, ಓದಲು ಮಜವಾಗಿದೆ. ಮೊದಲು ಮರ ಕಡಿದ ಅಂದರು, ಈಗ ಬೊಡ್ಡೆ ಅನ್ನುತ್ತಿದ್ದಾರೆ ಎಂದು ಸಾಹುಕಾರ ಶುರು ಮಾಡುತ್ತಾನೆ. ಹೊಲಕ್ಕೆ ಬೇಲಿಯಿಲ್ಲ, ಸುತ್ತ ದಾರಿ, ಅಕ್ಕಪಕ್ಕ ಜನ. ಆಳುಗಳ ಕೈಲಿ ಬೊಡ್ಡೆ ಕೀಳಿಸಿ ಗಾಡಿಗೆ ತುಂಬಿ ಕಳಿಸಿದ್ದು ನಿಜವಾಗಿದ್ದರೆ ಒಬ್ಬನಾದರೂ ನೋಡಿರಬೇಕಲ್ವಾ? ಅಷ್ಟೇ ಅಲ್ಲ, ಹೊಲವನ್ನು ಗೇಣಿಗೆ ಮಾಡಿದವರನ್ನೆಲ್ಲ ಸಾಕ್ಷಿಗೆ ಕರೆಯುತ್ತಾನೆ. ಅಲ್ಲಿ ಬೊಡ್ಡೆಯೇ ಇರಲಿಲ್ಲ ಎಂದು ಅವರ ಕೈಲಿ ಹೇಳಿಸುತ್ತಾನೆ.

ಇಷ್ಟೆಲ್ಲ ರಂಪ ಯಾಕೆಂದರೆ, ಅದು ಮಾಮೂಲಿ ಮರದ ಬೊಡ್ಡೆಯಲ್ಲ. 'ಮೋರಿಯಾ' ಎಂದು ಕರೆಸಿಕೊಳ್ಳುವ ದೇವರ ಮರದ್ದು ಅನ್ನೋದು ದೂರು. ಊರಿನ ಒಡೆತನಕ್ಕಾಗಿ ಅಥೆನಾ ದೇವಿಗೂ ಸಮುದ್ರದೇವ ಪೊಸೈಡಾನ್‌ಗೂ ಪೈಪೋಟಿ ಬಿತ್ತಂತೆ. ಅವನು ಬಂಡೆಗೆ ತ್ರಿಶೂಲ ಹೊಡೆದು ಉಪ್ಪುನೀರು ಬರಿಸಿದ, ಅವಳು ಆಲಿವ್ ಮರ ಕೊಟ್ಟಳು. ಊರು ಅವಳ ಪಾಲಾಯಿತು. ಮೋರಿಯಾಗಳು ಆ ಮೊದಲ ಮರದ ಸಂತಾನ ಎಂಬ ನಂಬಿಕೆ. ಯಾರ ಹೊಲದಲ್ಲಿದ್ದರೂ ಅವು ಸರ್ಕಾರದ ಸ್ವತ್ತು. ತಿಂಗಳು ತಿಂಗಳು ತಪಾಸಣೆ ನಡೆಯುತ್ತಿತ್ತು. ಹಿಂದೆ ಇಂಥ ಮರ ಕಡಿದವರಿಗೆ ಮರಣದಂಡನೆ ಇತ್ತು ಎಂದು ಅರಿಸ್ಟಾಟಲ್ ಹೆಸರಿನಲ್ಲಿ ಉಳಿದಿರುವ ಅಥೆನ್ಸ್ ಆಡಳಿತದ ಪುಸ್ತಕ ಹೇಳುತ್ತದೆ.

ನಮಗೆ ಇದು ತೀರಾ ವಿಚಿತ್ರ ಅನಿಸಬೇಕಿಲ್ಲ. 2001ರಲ್ಲಿ ಕಾನೂನು ತಿದ್ದುವ ತನಕ ಕರ್ನಾಟಕದಲ್ಲಿ ನಮ್ಮ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು.

ದೇವರ ಮರ ಬಿಡಿ, ಅಥೆನ್ಸ್‌ನಲ್ಲಿ ಸ್ವಂತ ಮರಕ್ಕೂ ಲೆಕ್ಕವಿತ್ತು. ಮಾಲೀಕ ತನ್ನ ಬಳಕೆಗೆ ವರ್ಷಕ್ಕೆ ಎರಡು ಆಲಿವ್ ಮರ ತೆಗೆಯಬಹುದು. ಅದಕ್ಕಿಂತ ಜಾಸ್ತಿಯಾದರೆ ಮರಕ್ಕೆ 100 ದ್ರಾಕ್ಮಾ (ಬೆಳ್ಳಿ ನಾಣ್ಯ) ದಂಡ. ಇದು ಸುಮ್ನೆ ಭಕ್ತಿಯಿಂದ ಬಂದ ಕಾನೂನಲ್ಲ. ದೀಪಕ್ಕೆ, ಅಡುಗೆಗೆ, ಮೈಗೆ ಹಚ್ಚಿಕೊಳ್ಳಲು ಎಲ್ಲದಕ್ಕೂ ಅದೇ ಎಣ್ಣೆ. ಹೊಲದ ಬೆಳೆಯಲ್ಲಿ ಹೊರದೇಶಕ್ಕೆ ಮಾರಲು ಅಥೆನ್ಸ್‌ಗೆ ಕಾನೂನು ಮಾಡಿಕೊಟ್ಟ ಸೋಲನ್ ಬಿಟ್ಟಿದ್ದು ಅದೊಂದನ್ನೇ. ಅಥೆನಾಳ ಪ್ಯಾನಥೀನಿಯಾ ಹಬ್ಬದ ಪಂದ್ಯಗಳಲ್ಲಿ ಗೆದ್ದವರಿಗೂ ದೇವರ ಮರಗಳ ಎಣ್ಣೆಯೇ ಬಹುಮಾನ. ರಥದ ಓಟದಲ್ಲಿ ಮೊದಲು ಬಂದವನಿಗೆ 140 ಕೊಡ ಎಣ್ಣೆ ಎಂದು ಒಂದು ಶಾಸನದಲ್ಲಿದೆ. ಒಂದೊಂದು ಕೊಡಕ್ಕೆ 35 ಲೀಟರಿಗಿಂತ ಹೆಚ್ಚು ಹಿಡಿಯುತ್ತಿತ್ತು. ಮನೆ ಖರ್ಚಿಗೆ ಅಷ್ಟು ಯಾರಿಗೆ ಬೇಕು? ಮಾರಲೇಬೇಕು.

ಇಂಥ ಮರ ನೆಟ್ಟವನಿಗೆ ತುಂಬು ಫಸಲು ಸಿಗಲು ಹತ್ತಾರು ವರ್ಷ ಬೇಕು. ಆಮೇಲೆ ನೂರಾರು ವರ್ಷ ಕಾಯಿ ಬಿಡುತ್ತಲೇ ಇರುತ್ತದೆ. ಹಾಗಾಗಿ ಶತ್ರುವಿನ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸ್‌ನ ಅಕ್ರೊಪೊಲಿಸ್ ಬೆಟ್ಟದ ಮೇಲಿನ ಅಥೆನಾಳ ಮರವನ್ನೂ ಸುಟ್ಟರು. ಮರುದಿನ ನೋಡಿದರೆ ಬುಡದಿಂದ ಒಂದು ಮೊಳ ಚಿಗುರು ಬಂದಿತ್ತು ಎಂದು ಇತಿಹಾಸಕಾರ ಹೆರೊಡೋಟಸ್ ಬರೆದ. ಒಂದೇ ದಿನಕ್ಕೆ ಮೊಳದುದ್ದ ಅನ್ನೋದು ಸ್ವಲ್ಪ ಜಾಸ್ತಿಯಾಯಿತು. ಆದರೆ ಸುಟ್ಟ ಆಲಿವ್ ಬುಡದಿಂದ ಮತ್ತೆ ಚಿಗುರುವುದು ನಿಜ. ದೇವರ ಮರದ ಬೊಡ್ಡೆಗೂ ಬೆಲೆ ಬಂದದ್ದು ಇದರಿಂದಲೇ ಇರಬೇಕು.

ಪ್ಯಾಲೆಸ್ಟೀನ್‌ನಲ್ಲಿ ಈ ಮರಕ್ಕೆ ಇನ್ನೊಂದು ಭಾರ ಬಿತ್ತು. ಆಗ ಅಲ್ಲಿ ಆಳುತ್ತಿದ್ದ ಒಟ್ಟೋಮನ್ ತುರ್ಕರ 1858ರ ಭೂಕಾನೂನಿನ ಪ್ರಕಾರ ಮೂರು ವರ್ಷ ಸಾಗುವಳಿ ಮಾಡದ ಜಮೀನಿನ ಮೇಲೆ ರೈತ ಹಕ್ಕು ಕಳೆದುಕೊಳ್ಳಬಹುದಿತ್ತು. 1967ರಲ್ಲಿ ವೆಸ್ಟ್ ಬ್ಯಾಂಕ್ ಹಿಡಿದ ಇಸ್ರೇಲ್, ಮುಂದೆ ಈ ಹಳೇ ಕಾನೂನು ಮುಂದಿಟ್ಟುಕೊಂಡೇ ಎಷ್ಟೋ ಜಮೀನನ್ನು ಸರ್ಕಾರಿ ಜಮೀನು ಎಂದು ಘೋಷಿಸಿತು. ಅಲ್ಲಿ ಫಸಲು ಕೊಡುವ ಆಲಿವ್ ಮರವೆಂದರೆ ನೆಲದ ಮೇಲೆ ನಿಂತ ಪಹಣಿ. ಕೊಯ್ಲಿನ ಕಾಲ ಬಂತೆಂದರೆ ಮರ ಕಡಿದ, ಸುಟ್ಟ, ಬುಡಸಮೇತ ಕಿತ್ತ ಸುದ್ದಿಗಳು ಬರುವುದು ಈ ಕಾರಣಕ್ಕೂ ಹೌದು.

ಇಟಲಿಯ ಕಥೆ ಇದಕ್ಕೆ ಉಲ್ಟಾ. 1945ರಲ್ಲಿ, ಅಲ್ಲಿ ಮಹಾಯುದ್ಧ ಮುಗಿದ ಬೆನ್ನಿಗೇ, ಒಂದು ಆದೇಶ ಬಂತು: ಎರಡು ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಲಿವ್ ಮರ ಕಡಿಯಬಾರದು. ಅಥೆನ್ಸ್‌ನ ಹಳೇ ಲೆಕ್ಕವೇ ಅಂದುಕೊಳ್ಳಿ. ಪುಲ್ಯಾ ಪ್ರಾಂತ್ಯ 2007ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಭಾರೀ ಕಾಂಡದ ಹಳೇ ಮರಗಳನ್ನು ಸ್ಮಾರಕಗಳಂತೆ ಕಾಪಾಡಲು ಕಾನೂನು ಮಾಡಿತು.

ಆರು ವರ್ಷ ಕಳೆಯಿತು. 2013ರಲ್ಲಿ ಅದೇ ಪುಲ್ಯಾದ ಗಲ್ಲಿಪೋಲಿ ಹತ್ತಿರ ಒಣಗುತ್ತಿದ್ದ ಮರಗಳಲ್ಲಿ ಜೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಬೇರಿನಿಂದ ನೀರು ಏರುವ ನಾಳಗಳನ್ನೇ ಅದು ಕಟ್ಟಿಹಾಕುತ್ತದೆ. ಮೊದಲು ತುದಿ ಕೊಂಬೆಗಳು ಸೀದಂತಾಗುತ್ತವೆ, ಆಮೇಲೆ ಇಡೀ ಮರ. ಗಿಡದ ಕಡ್ಡಿಗೆ ಉಗುಳಿದ ಹಾಗೆ ನೊರೆ ಮಾಡಿ ಅದರೊಳಗೆ ಬೆಳೆಯುವ ಒಂದು ಸಣ್ಣ ಹುಳು ರೋಗವನ್ನು ಮರದಿಂದ ಮರಕ್ಕೆ ದಾಟಿಸುತ್ತದೆ. ಮದ್ದಿಲ್ಲ.

ರೋಗ ಬಂದ ಮರದ ಸುತ್ತ 100 ಮೀಟರ್ ಒಳಗಿನ ಚೆನ್ನಾಗಿರುವ ಮರಗಳನ್ನೂ ಕಡಿಯಿರಿ ಅಂತ ಐರೋಪ್ಯ ಒಕ್ಕೂಟ 2015ರಲ್ಲಿ ಹೇಳಿತು. ಅಜ್ಜನ ಮುತ್ತಜ್ಜನ ಕಾಲದ, ಹಸಿರಾಗೇ ಇರುವ ಮರಕ್ಕೆ ಕೊಡಲಿ ಹಾಕಿ ಅಂದರೆ ಯಾರು ಒಪ್ಪುತ್ತಾರೆ? ಜನ ಬೀದಿಗಿಳಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಆ ಭಾಗದ ಲೆಚ್ಚೆ ನಗರದ ಸರ್ಕಾರಿ ವಕೀಲರು ಕಡಿಯುವುದನ್ನು ನಿಲ್ಲಿಸಿದರು. ರೋಗ ಪತ್ತೆ ಮಾಡಿದ ವಿಜ್ಞಾನಿಗಳ ಮೇಲೇ ತನಿಖೆ ಶುರುವಾಯಿತು. ಜನರ ಸಂಕಟ ಅರ್ಥವಾಗುತ್ತದೆ, ಆದರೆ ಹುಳು ಕೋರ್ಟಿನ ತೀರ್ಪಿಗೆ ಕಾಯಲಿಲ್ಲ. ತನಿಖೆಯಲ್ಲಿ ಏನೂ ಸಾಬೀತಾಗದೆ 2019ರಲ್ಲಿ ಪ್ರಕರಣ ಮುಚ್ಚಿದಾಗ ರೋಗ ಗಲ್ಲಿಪೋಲಿಯಿಂದ ಉತ್ತರಕ್ಕೆ ಬಹಳ ದೂರ ಹೋಗಿತ್ತು.

ಅದೇ ವರ್ಷ ಇಟಲಿ ಸಂಸತ್ತು ರೋಗದ ವಲಯದಲ್ಲಿ 1945ರ ಆದೇಶವನ್ನು ಏಳು ವರ್ಷಕ್ಕೆ ಬದಿಗಿಟ್ಟಿತು. ರೈತ ಪ್ರಾಂತ್ಯದ ಆಡಳಿತಕ್ಕೆ ತಿಳಿಸಿ ತನ್ನ ಮರ ತೆಗೆಯಬಹುದಿತ್ತು, ಅಪ್ಪಣೆ ಬೇಕಿರಲಿಲ್ಲ. ಆ ಜಾಗದಲ್ಲಿ ಈಗ ರೋಗ ತಡೆದುಕೊಳ್ಳುವ ಲೆಚ್ಚಿನೋ, ಫವೊಲೋಸಾ ತಳಿಗಳ ಸಸಿ ನೆಡುತ್ತಿದ್ದಾರೆ. ಹಳೇ ಮರ ಬಿಡಲು ಮನಸ್ಸು ಬಾರದ ಕೆಲವರು ಅದರ ದಪ್ಪ ಕಾಂಡಕ್ಕೇ ಲೆಚ್ಚಿನೋ ಕಸಿ ಕಟ್ಟಿ ನೋಡುತ್ತಿದ್ದಾರೆ.